ದೂರಪ್ರಯಾಣದ ಲಾರಿಗೆ ಸಹಾಯಕ ಶಕ್ತಿಯಂತ್ರವನ್ನು ಆರಿಸುವ ಕ್ರಮ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಕ್ಯಾಲಿಫೋರ್ನಿಯಾ ಪ್ರಾಂತದ ಸಲೀನಾಸ್ ಕಣಿವೆಯು ಲೆಟ್ಯೂಸ್ ಸೊಪ್ಪಿನ ಬೇಸಾಯಕ್ಕೆ ಹೆಸರಾದುದು. ಅಲ್ಲಿ ಕೊಯ್ದ ಸೊಪ್ಪು ಪೂರ್ವತೀರದ ನ್ಯೂಯಾರ್ಕ್ ನಗರವನ್ನು ಸೇರಬೇಕಾದರೆ ಲಾರಿಯು ಸುಮಾರು ೪,೮೦೦ ಕಿಲೋಮೀಟರು ದೂರ ನಡೆಯಬೇಕು. ಆ ದೇಶದ ಕಾನೂನಿನಂತೆ ಸರಕಿನ ಲಾರಿಯ ಚಾಲಕನು ೧೧ ಗಂಟೆಗಳಿಗಿಂತ ಹೆಚ್ಚುಕಾಲ ವಾಹನವನ್ನು ನಡೆಸತಕ್ಕದ್ದಲ್ಲ; ಪುನಃ ಹೊರಡುವ ಮುನ್ನ ಸಾಧಾರಣವಾಗಿ ೧೦ ಗಂಟೆಗಳ ವಿಶ್ರಾಂತಿಯನ್ನು ಪಡೆಯತಕ್ಕದ್ದು. ಆದುದರಿಂದ ಒಬ್ಬನೇ ಚಾಲಕನುಳ್ಳ ಲಾರಿಯು ದಾರಿಯಲ್ಲಿ ನಾಲ್ಕೈದು ರಾತ್ರಿ ತಂಗುವುದು. ಚಾಲಕನು ಮಲಗುವುದು ಲಾರಿಯ ಕ್ಯಾಬಿನ್ನಿನಲ್ಲಿಯೇ. ಬೇಸಗೆಯಲ್ಲಿ ಮರುಭೂಮಿಯ ಸೆಕೆ, ಚಳಿಗಾಲದಲ್ಲಿ ಬೆಟ್ಟಗಳ ಹಿಮ, ಇವೆರಡರಲ್ಲಿಯೂ ಅವನಿಗೆ ನಿದ್ರೆ ಬರಬೇಕು. ನಿದ್ದೆಗೆಟ್ಟವನ ಕೈಯಲ್ಲಿ ಸರಕೂ ಕ್ಷೇಮವಲ್ಲ, ದಾರಿಹೋಕರೂ ಕ್ಷೇಮವಲ್ಲ.

ಹಿಂದಿನಿಂದ ಬಂದ ರೂಢಿಯೆಂದರೆ, ರಾತ್ರಿಯೆಲ್ಲಾ ಲಾರಿಯ ದೊಡ್ಡ ಇಂಜಿನನ್ನು ನಿಂತಲ್ಲಿಯೇ ಓಡಿಸುತ್ತಿರುವುದು. ಇದರಿಂದ ಗಂಟೆಗೆ ಸುಮಾರು ೩ ಲೀಟರು ಡೀಸಲ್ ಎಣ್ಣೆಯು ವ್ಯರ್ಥವಾಗುವುದಲ್ಲದೆ ಇಂಜಿನೂ ಸವೆಯುವುದು. ಈ ನಷ್ಟವನ್ನು ತಪ್ಪಿಸುವುದಕ್ಕಾಗಿ ಏರ್ಪಟ್ಟುದೇ ಸಹಾಯಕ ಶಕ್ತಿಯಂತ್ರ. ಲಾರಿಯವರು ಇದನ್ನು ಎ. ಪಿ. ಯು. ಎಂದು ಕರೆಯುವರು. ತರಕಾರಿಯ ಲಾರಿಗಳಲ್ಲಿ ಸರಕನ್ನು ತಂಪಾಗಿಡುವ ಯಂತ್ರವೊಂದು ಮೊದಲೇ ಇರುವುದು. ಆದರೆ ಅದು ಸರಕಿನ ಪೆಟ್ಟಿಗೆಯನ್ನು ಮಾತ್ರ ತಣಿಸತಕ್ಕದ್ದು, ಚಾಲಕನ ಕ್ಯಾಬಿನ್ನಿಗೆ ಅದರಿಂದ ಪ್ರಯೋಜನವಿಲ್ಲ.

ಯಂತ್ರಗಳ ಬಗೆಗಳು

(೧) ಡೀಸಲ್ ಯಂತ್ರ.— ಇದರಲ್ಲಿ ಒಂದು ಚಿಕ್ಕ ಡೀಸಲ್ ಇಂಜಿನೂ, ಅದರಿಂದ ನಡೆಯುವ ವಿದ್ಯುದುತ್ಪಾದಕ ಯಂತ್ರವೂ, ತಂಪುಮಾಡುವ ಸಾಧನವೂ ಇರುವುವು. ಲಾರಿಯ ಚೌಕಟ್ಟಿನ ಪಕ್ಕಕ್ಕೆ ಇದನ್ನು ಬಿಗಿಯುವರು. ಗಂಟೆಗೆ ಸುಮಾರು ೧ ಲೀಟರು ಎಣ್ಣೆ ಸಾಕು. ಎಷ್ಟು ಹೊತ್ತು ಬೇಕಾದರೂ ನಡೆಯುವುದು ಇದರ ಗುಣ. ಭಾರವೂ, ಸದ್ದೂ, ಕಾಲಕಾಲಕ್ಕೆ ಎಣ್ಣೆ, ಶೋಧಕ, ಪಟ್ಟಿ ಇವುಗಳನ್ನು ಬದಲಾಯಿಸಬೇಕಾದುದೂ ಇದರ ದೋಷಗಳು.

(೨) ಬ್ಯಾಟರಿ ಯಂತ್ರ.— ಲಾರಿಯು ಓಡುವಾಗ ಪ್ರತ್ಯೇಕವಾದ ಬ್ಯಾಟರಿಗಳಲ್ಲಿ ವಿದ್ಯುತ್ತನ್ನು ತುಂಬಿಕೊಂಡು, ನಿಂತಾಗ ಅದರಿಂದ ತಂಪುಯಂತ್ರವನ್ನು ನಡೆಸುವುದು. ಹೊಗೆಯಿಲ್ಲ, ಸದ್ದು ಸ್ವಲ್ಪ. ಆದರೆ ತುಂಬಿದ್ದಷ್ಟೇ ದೊರೆಯುವುದು.

(೩) ಎಣ್ಣೆಯ ಒಲೆ.— ಇದು ಕ್ಯಾಬಿನ್ನನ್ನು ಬಿಸಿಮಾಡುವುದಕ್ಕೆ ಮಾತ್ರ. ಗಂಟೆಗೆ ಕಾಲು ಲೀಟರಿನಷ್ಟು ಎಣ್ಣೆಯಲ್ಲಿ ನಡೆಯುವುದು. ಚಳಿಯ ದಾರಿಗಳಲ್ಲಿಯೇ ಓಡುವ ಲಾರಿಗೆ ಅನೇಕವೇಳೆ ಇದೊಂದೇ ಸಾಕು.

ಇವಲ್ಲದೆ, ಲಾರಿಗಳು ತಂಗುವ ಕೆಲವು ಸ್ಥಳಗಳಲ್ಲಿ ತಂತಿಯನ್ನು ಜೋಡಿಸಿ ವಿದ್ಯುತ್ತನ್ನು ಪಡೆಯುವ ಅನುಕೂಲವೂ ಉಂಟು. ಆದರೆ ಎಲ್ಲೆಡೆಯಲ್ಲಿಯೂ ಇಲ್ಲ.

ನಿಲ್ಲುವ ಗಂಟೆಗಳ ಲೆಕ್ಕ

ಯಂತ್ರವನ್ನು ಕೊಳ್ಳುವವರು ಮೊದಲು ನೋಡತಕ್ಕದ್ದು ಯಂತ್ರದ ಬೆಲೆಯನ್ನಲ್ಲ, ಲಾರಿಯ ದಿನಚರಿಯನ್ನು. ವರ್ಷದಲ್ಲಿ ಎಷ್ಟು ರಾತ್ರಿ, ರಾತ್ರಿಗೆ ಎಷ್ಟು ಗಂಟೆ ಲಾರಿಯು ತಂಗುವುದೆಂಬುದನ್ನು ಬರೆದಿಟ್ಟುಕೊಳ್ಳಬೇಕು.

ಉದಾಹರಣೆಗೆ, ಒಂದು ಲಾರಿಯು ವರ್ಷದಲ್ಲಿ ೨೫೦ ರಾತ್ರಿ, ರಾತ್ರಿಗೆ ೧೦ ಗಂಟೆಯಂತೆ, ಒಟ್ಟು ೨,೫೦೦ ಗಂಟೆ ತಂಗುವುದೆಂದು ಇಟ್ಟುಕೊಳ್ಳೋಣ. ದೊಡ್ಡ ಇಂಜಿನಿಗೆ ೭,೫೦೦ ಲೀಟರೂ, ಡೀಸಲ್ ಸಹಾಯಕ ಯಂತ್ರಕ್ಕೆ ೨,೫೦೦ ಲೀಟರೂ ಬೇಕಾಗುವುದರಿಂದ ಉಳಿತಾಯವು ೫,೦೦೦ ಲೀಟರು. ಲೀಟರಿಗೆ ಒಂದು ಡಾಲರಿನಂತೆ ಎಣಿಸಿ, ಯಂತ್ರಕ್ಕೆ ೧೦,೦೦೦ ಡಾಲರು ಎಂದಿಟ್ಟುಕೊಂಡರೆ, ಎರಡು ವರ್ಷಗಳಲ್ಲಿ ಹಾಕಿದ ಹಣ ಹಿಂದಕ್ಕೆ ಬರುವುದು. ಇನ್ನೊಂದು ಲಾರಿಯು ೮೦ ರಾತ್ರಿ ಮಾತ್ರ ತಂಗುವುದಾದರೆ ಉಳಿತಾಯವು ೧,೬೦೦ ಲೀಟರು. ಅದೇ ಯಂತ್ರದ ಹಣ ತೀರಲು ಆರು ವರ್ಷಗಳಿಗೂ ಹೆಚ್ಚು ಹಿಡಿಯುವುದು. ರಿಪೇರಿಯ ಖರ್ಚು ಇದರ ಮೇಲೆ ಬೇರೆ. ಮೊದಲನೆಯವನಿಗೆ ಲಾಭವಾದ ಯಂತ್ರವೇ ಎರಡನೆಯವನಿಗೆ ಸಾಲದ ಹೊರೆಯಾಗುವುದು.

ಬ್ಯಾಟರಿಯ ಲೆಕ್ಕ

ಬ್ಯಾಟರಿ ಯಂತ್ರದ ವಿಷಯದಲ್ಲಿ ಮೋಸಹೋಗುವವರು ಬಹುಮಂದಿ. ತಂಪುಯಂತ್ರವು ೧೨ ವೋಲ್ಟಿನಲ್ಲಿ ಸರಾಸರಿ ೩೫ ಆಂಪಿಯರ್ ವಿದ್ಯುತ್ತನ್ನು ಎಳೆಯುವುದಾದರೆ ಹತ್ತು ಗಂಟೆಗಳಿಗೆ ೩೫೦ ಆಂಪಿಯರ್-ಗಂಟೆ ಬೇಕು. ನೂರು ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಗಳು ನಾಲ್ಕಿದ್ದರೆ ಹೆಸರಿಗೆ ೪೦೦ ಆಗುವುದು. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚಾಗಿ ಪದೇಪದೇ ಬರಿದುಮಾಡಿದರೆ ಅದರ ಆಯುಸ್ಸು ಬೇಗ ಮುಗಿಯುವುದು. ಅರ್ಧವೆಂದರೆ ೨೦೦, ಅದು ಆರು ಗಂಟೆಗೂ ಸಾಲದು. ಚಾಲಕನಿಗೆ ನಡುರಾತ್ರಿಯಲ್ಲಿ ಎಚ್ಚರವಾಗುವುದು. ಲಿಥಿಯಂ ಬ್ಯಾಟರಿಯನ್ನು ನೂರಕ್ಕೆ ಎಂಬತ್ತರವರೆಗೆ ಬಳಸಬಹುದಾದುದರಿಂದ ಅದೇ ಅಳತೆಯಲ್ಲಿ ಒಂಬತ್ತು ಗಂಟೆಗಳ ಕಾಲ ನಡೆಯುವುದು. ಬೆಲೆ ಮಾತ್ರ ಹೆಚ್ಚು.

ಬರಿದಾದುದನ್ನು ಮರುದಿನ ತುಂಬುವಷ್ಟು ಹೊತ್ತು ಲಾರಿಯು ಓಡುವುದೇ ಎಂಬುದನ್ನೂ ವಿಚಾರಿಸಬೇಕು. ದಿನಕ್ಕೆ ಹತ್ತು ಗಂಟೆ ಓಡುವ ಲಾರಿಗೆ ಚಿಂತೆಯಿಲ್ಲ. ಎರಡು ಗಂಟೆ ಓಡಿ, ಮಂಡಿಯ ಬಾಗಿಲಲ್ಲಿ ದಿನವೆಲ್ಲಾ ಕಾಯುವ ಲಾರಿಗೆ ಬ್ಯಾಟರಿ ಯಂತ್ರವು ಒಗ್ಗದು.

ತೂಕವೂ ಕಾನೂನೂ

ಡೀಸಲ್ ಯಂತ್ರವು ಸುಮಾರು ೨೦೦ ಕಿಲೋಗ್ರಾಂ ತೂಗುವುದು. ಅಷ್ಟು ಸರಕು ಕಡಮೆಯಾಗುವ ಸಂಭವವುಂಟು. ಅಮೆರಿಕಾದಲ್ಲಿ ೨೦೧೨ನೆಯ ಇಸವಿಯ ಕಾನೂನು ಇಂತಹ ಯಂತ್ರಕ್ಕಾಗಿ ೫೫೦ ಪೌಂಡು, ಎಂದರೆ ಸುಮಾರು ೨೫೦ ಕಿಲೋಗ್ರಾಂ, ಹೆಚ್ಚು ತೂಕಕ್ಕೆ ಅವಕಾಶವಿತ್ತಿತು. ಆದರೆ ಅದನ್ನು ಒಪ್ಪುವುದು ಆಯಾ ಪ್ರಾಂತಕ್ಕೆ ಸೇರಿದ್ದು. ಕ್ಯಾಲಿಫೋರ್ನಿಯಾದಲ್ಲಿ ೨೦೦೮ರಿಂದ, ಮಲಗುವ ಕ್ಯಾಬಿನ್ನುಳ್ಳ ಲಾರಿಯ ಇಂಜಿನನ್ನು ನಿಂತಲ್ಲಿ ಐದು ನಿಮಿಷಕ್ಕಿಂತ ಹೆಚ್ಚಾಗಿ ಓಡಿಸಲು ಸಾಮಾನ್ಯವಾಗಿ ನಿಷೇಧವಿದೆ. ೨೦೦೭ ಮತ್ತು ಅನಂತರದ ಇಂಜಿನುಳ್ಳ ಲಾರಿಗಳಲ್ಲಿ ಸಹಾಯಕ ಡೀಸಲ್ ಯಂತ್ರದ ಹೊಗೆಯನ್ನೂ ಶೋಧಿಸಬೇಕೆಂಬ ನಿಯಮವುಂಟು. ಹಾದುಹೋಗುವ ಪ್ರಾಂತಗಳ ನಿಯಮವನ್ನು ತಿಳಿಯದೆ ಯಂತ್ರವನ್ನು ಕೊಳ್ಳತಕ್ಕದ್ದಲ್ಲ.

ಜೋಡಣೆಯಲ್ಲಿ ಎಚ್ಚರಿಕೆ

ಹೊಗೆಯ ಕೊಳವೆಯ ಬಾಯಿ ಕ್ಯಾಬಿನ್ನಿನ ಕಿಟಕಿಗೂ ಗಾಳಿದಾರಿಗೂ ದೂರವಾಗಿರಬೇಕು. ಇಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರಿಸುವವನು ಏಳದಂತೆಯೇ ಪ್ರಾಣ ಹೋಗಬಹುದು. ಈ ಅನಿಲವನ್ನು ಗುರುತಿಸಿ ಕೂಗುವ ಸಣ್ಣ ಸಾಧನವನ್ನು ಹಾಸಿಗೆಯ ಬಳಿ ಇಡುವುದು ಅವಶ್ಯ. ಬ್ಯಾಟರಿಯ ದಪ್ಪ ತಂತಿಗೆ ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸ್ ಹಾಕಿಸಬೇಕು. ಇಲ್ಲವಾದರೆ ತಂತಿಯು ಉಜ್ಜಿ ಬೆಂಕಿ ಹೊತ್ತುವ ಭಯವುಂಟು.

ನಮ್ಮ ಸೀಮೆಗೆ ಅನ್ವಯ

ಕೋಲಾರದ ಟೊಮ್ಯಾಟೊ ಹಣ್ಣು ದೆಹಲಿಗೆ ಹೋಗುವಾಗ ಎರಡು ಸಾವಿರ ಕಿಲೋಮೀಟರಿಗೂ ಮೇಲ್ಪಟ್ಟ ದಾರಿಯನ್ನು ಕ್ರಮಿಸುವುದು. ಭಾರತದಲ್ಲಿ, ಸರಕು ಸಹಿತವಾಗಿ ೩.೫ ಟನ್ನಿಗೆ ಮೇಲ್ಪಟ್ಟ ತೂಕದ ಹೊಸ ಲಾರಿಗಳ ಕ್ಯಾಬಿನ್ನಿಗೆ ತಂಪುಯಂತ್ರವಿರಬೇಕೆಂಬ ನಿಯಮವು ೨೦೨೫ನೆಯ ಇಸವಿಯಲ್ಲಿ ಜಾರಿಗೆ ಬಂದಿತು. ಆದರೆ ಲಾರಿಯ ಇಂಜಿನಿನಿಂದಲೇ ನಡೆಯುವ ತಂಪುಯಂತ್ರವು ಇಂಜಿನು ನಿಂತೊಡನೆ ತಾನೂ ನಿಲ್ಲುವುದು. ಆದುದರಿಂದ ಮೇಲಿನ ಲೆಕ್ಕವು ಇಲ್ಲಿನ ಲಾರಿ ಮಾಲೀಕರಿಗೂ ಬೆಳೆಗಾರರ ಸಂಘಗಳಿಗೂ ಉಪಯುಕ್ತವಾದುದು. ಇಲ್ಲಿನ ದೊಡ್ಡ ಲಾರಿಗಳ ಬ್ಯಾಟರಿಯು ಸಾಮಾನ್ಯವಾಗಿ ೨೪ ವೋಲ್ಟಿನದಾದುದರಿಂದ, ಅಮೆರಿಕಾದ ೧೨ ವೋಲ್ಟಿನ ಸಾಧನಗಳು ನೇರವಾಗಿ ಹೊಂದಲಾರವೆಂಬುದನ್ನು ಮರೆಯತಕ್ಕದ್ದಲ್ಲ.

ಸಾರಾಂಶವೇನೆಂದರೆ: ಸದಾ ದೂರ ಓಡಿ ಸೆಕೆಯಲ್ಲಿ ತಂಗುವ ಲಾರಿಗೆ ಬ್ಯಾಟರಿ ಯಂತ್ರ, ಸೆಕೆಯಲ್ಲಿ ದಿನಗಟ್ಟಲೆ ನಿಂತು ಕಾಯುವ ಲಾರಿಗೆ ಡೀಸಲ್ ಯಂತ್ರ, ಚಳಿಗೆ ಮಾತ್ರ ಅಂಜುವ ಲಾರಿಗೆ ಎಣ್ಣೆಯ ಒಲೆ, ಅಪರೂಪಕ್ಕೆ ತಂಗುವ ಲಾರಿಗೆ ದೊಡ್ಡ ಖರ್ಚು ಬೇಡ. ಮೂರು ತಿಂಗಳ ಕಾಲ ತಂಗಿದ ಗಂಟೆಗಳನ್ನು ಬರೆದಿಟ್ಟವನು ಅಂಗಡಿಯವನ ಮಾತಿಗೆ ಮರುಳಾಗಲಾರನು.