ಮೊದಲು ಬೀಜದ ಲೆಕ್ಕ ಹೇಳು

ತಮ್ಮಾ, ಚಿತ್ತಾಪುರದಾಗ ಹೊಂಗೆ ಎಣ್ಣಿಯಿಂದ ಡೀಸೆಲ್ ತೆಗಿಯೋ ಘಟಕ ಹಾಕ್ತೀನಿ ಅಂತಿ. ಹಾಕು, ಬ್ಯಾಡ ಅನ್ನಂಗಿಲ್ಲ. ಆದ್ರ ಮಷೀನಿನ ರೇಟು ಕೇಳೋದಕ್ಕಿಂತ ಮೊದಲು ಬೀಜ ಎಲ್ಲಿಂದ ತರ್ತಿ, ಅದನ್ನ ಹೇಳು. ಒಂದು ಲೀಟರ್ ಎಣ್ಣಿಗೆ ಹತ್ತಿರಹತ್ತಿರ 4 ಕಿಲೋ ಬೀಜ ಬೇಕು. ಇವತ್ತು ಹಚ್ಚಿದ ಗಿಡ ಕಾಯಿ ಬಿಡ್ಲಾಕ ಐದಾರು ವರ್ಷ ಹಿಡಿತದ. ಬ್ಯಾಂಕಿನ ಕಂತು ಅಷ್ಟು ದಿನ ಕಾಯಂಗಿಲ್ಲ.

2003ರ ಸುಮಾರಿಗೆ ದೇಶದ ತುಂಬ ಕಾಡುಹರಳಿನ ಗದ್ದಲ ಎದ್ದಿತ್ತು. ನೀರಿಲ್ಲದ ಬಂಜರಿನಾಗೂ ಎಣ್ಣಿ ಸುರಿತದ ಅಂದ್ರು. ಗಿಡ ಬದುಕಿತು, ಬೀಜ ಕೈಗೆ ಹತ್ತಲಿಲ್ಲ. ಅದಕ್ಕ ಹೊಂಗೆ ನಂಬಿ ತೊಗರಿ ಬೆಳಿಯೋ ಕರಿ ಭೂಮಿ ಮುಟ್ಟಬ್ಯಾಡ. ಬದುವು, ಹಳ್ಳದ ದಂಡಿ, ರಸ್ತೆ ಬಾಜು ಸಾಕು. ಪರ್ಸಿ ಖಣಿ ಮುಗಿದಲ್ಲಿ ಮಣ್ಣು ಕೂಡಿದ ಜಾಗ ಹುಡುಕು. ಬರೀ ಹಾಸುಗಲ್ಲಿದ್ರ ಬೇರು ಇಳಿಯಂಗಿಲ್ಲ.

ಬೀಜ ಆರಿಸಿ ತಂದವರಿಗೆ ಅವತ್ತೇ ತೂಗಿ ರೊಕ್ಕ ಕೊಡು. ತಂದ ಬೀಜ ಚೆನ್ನಾಗಿ ಒಣಗಿಸು. ಹಸಿ ಬೀಜ ಚೀಲದಾಗ ಕೊಳೆತ್ರ ಎಣ್ಣಿಯ ಆಮ್ಲ ಏರ್ತದ. ಅಂಥ ಎಣ್ಣಿಗೆ ಮೆಥನಾಲ್, ಕಾಸ್ಟಿಕ್ ಸೋಡಾ ಹಾಕಿ 60 ಡಿಗ್ರಿಗೆ ಕಾಸಿದ್ರ ಡೀಸೆಲ್ ಬದಲು ಸಾಬೂನು ಆಗ್ತದ. ಆಮ್ಲ ಅಳೆದು, ಹೆಚ್ಚಿದ್ರ ಗಂಧಕಾಮ್ಲದಿಂದ ಮೊದಲು ಇಳಿಸ್ಕೋಬೇಕು. ಇನ್ನ ಮೆಥನಾಲ್ ವಿಷ; ಹಗಲಿನಾಗ ಅದರ ಉರಿ ಕಣ್ಣಿಗೆ ಕಾಣಂಗಿಲ್ಲ. ಮನಿ ಪಡಸಾಲ್ಯಾಗ ಡ್ರಮ್ ಇಟ್ಟು ಆಟ ಆಡಬ್ಯಾಡ.

1900ರಾಗ ಪ್ಯಾರಿಸ್ ಪ್ರದರ್ಶನದಾಗ ಡೀಸೆಲ್ ಎಂಜಿನ್ ಶೇಂಗಾ ಎಣ್ಣಿಮ್ಯಾಲೆ ಓಡಿತ್ತು. ನಮ್ಮ ರಾಜ್ಯದಾಗೂ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣಿಯಿಂದಲೇ ಹಳ್ಳಿ ಜನರೇಟರ್ ಓಡಿಸಿ ತೋರಿಸಿದ್ರು. ಆದ್ರ ಹಸಿ ಎಣ್ಣಿ ದಪ್ಪ. ಈಗಿನ ಗಾಡಿಗೆ ಹಾಕಿದ್ರ ಇಂಜೆಕ್ಟರ್ ಕಟ್ಟಿಕೋತದ. ಗಾಡಿಗೆ ಶುದ್ಧ ಮಾಡಿದ ಬಯೋಡೀಸೆಲ್ಲೇ ಬೇಕು. ಮಾರ್ಲಾಕ ಐಎಸ್ 15607 ಗುಣಮಟ್ಟ ಮುಟ್ಟಬೇಕು, ಅದು ಸಣ್ಣ ಮಾತಲ್ಲ. ಒಮ್ಮೆ ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನಕ್ಕ ಹೋಗಿ ಕಣ್ಣಾರೆ ನೋಡು.

ನನ್ನ ಕೇಳಿದ್ರ, ಮೊದಲು ಬರೀ ಗಾಣ ಹಾಕು. ಬೀಜದಾಗ ಎಣ್ಣಿ ಕಾಲು ಭಾಗ. ಉಳಿದದ್ದು ಹೆಚ್ಚುಕಡಿಮಿ ಹಿಂಡಿನೇ. ದನಕ್ಕ ಹಾಕಬ್ಯಾಡ, ಕಹಿ. ಗೊಬ್ಬರಕ್ಕ ಭಾಳ ಛಲೋ, ತೋಟದವರು ಒಯ್ತಾರ. ಎಣ್ಣಿ ರೇಟು ಇಳಿದ ವರ್ಷ ನಿನ್ನ ಕೈ ಹಿಡಿಯೋದು ಅದೇ. ಎರಡು ಹಂಗಾಮು ಗೋದಾಮು ತುಂಬ ಬೀಜ ಬಂತು ಅಂದ್ರ ಆಮ್ಯಾಲೆ ಮೆಥನಾಲ್ ಲೈಸನ್ಸಿಗೆ ಅರ್ಜಿ ಬರಿ.