ಹಳೆಯ ಬಾಯ್ಲರಿಗೆ ಬದಲಾಗಿ ಹೊಸದು: ಕೊಳ್ಳುವ ಮುನ್ನ ತಿಳಿಯಬೇಕಾದುದು

ಸೋಲಾಪುರದಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಗಳು, ಭಿವಂಡಿಯಲ್ಲಿ ಹಾಸಿಗೆ ಗಂಜಿ ಹಚ್ಚುವ ಘಟಕಗಳು, ಮಹಾನಗರಗಳ ದೊಡ್ಡ ಆಸ್ಪತ್ರೆಗಳ ಬಟ್ಟೆ ಒಗೆಯುವ ವಿಭಾಗಗಳು, ನೂರಾರು ಮಂದಿಗೆ ಅಡುಗೆ ಮಾಡುವ ವಿದ್ಯಾರ್ಥಿನಿಲಯಗಳು, ಇವೆಲ್ಲವೂ ಶಾಖಕ್ಕಾಗಿ ಉಗಿಯನ್ನೇ ಅವಲಂಬಿಸಿವೆ. ಇದಕ್ಕೆ ಕಾರಣ ಸರಳ. ಒಂದು ಕಿಲೋ ಕುದಿನೀರು ಒಂದು ಡಿಗ್ರಿ ತಣಿದರೆ ಒಂದು ಕಿಲೋಕ್ಯಾಲರಿ ಶಾಖ ದೊರೆಯುತ್ತದೆ. ಅಷ್ಟೇ ತೂಕದ ಉಗಿ ಮರಳಿ ನೀರಾಗುವಾಗ ಸುಮಾರು 540 ಕಿಲೋಕ್ಯಾಲರಿ ದೊರೆಯುತ್ತದೆ. ಆದುದರಿಂದ ಉಗಿಯನ್ನು ಉತ್ಪಾದಿಸುವ ಬಾಯ್ಲರು ಇಂತಹ ಸಂಸ್ಥೆಗಳ ಹೃದಯಸ್ಥಾನದಲ್ಲಿರುತ್ತದೆ. ಅದನ್ನು ಬದಲಾಯಿಸುವುದು ಒಂದು ಯಂತ್ರವನ್ನು ತೆಗೆದು ಇನ್ನೊಂದನ್ನು ಇಡುವಷ್ಟು ಸುಲಭದ ಕಾರ್ಯವಲ್ಲ.

ಹಳೆಯ ಬಾಯ್ಲರಿನ ನಳಿಕೆಗಳು ಪದೇ ಪದೇ ಸೋರತೊಡಗಿದಾಗ, ತನಿಖಾಧಿಕಾರಿಗಳು ಅನುಮತಿಸುವ ಒತ್ತಡ ಇಳಿಯುತ್ತ ಬಂದಾಗ, ಇಂಧನದ ವೆಚ್ಚ ಏರಿದಾಗ ಬದಲಾವಣೆಯ ವಿಚಾರ ಮೂಡುವುದು ಸಹಜ. ಆಗ ಬಹುತೇಕ ಮಾಲೀಕರು ಹಳೆಯ ಬಾಯ್ಲರಿನ ಮೇಲಿನ ಫಲಕವನ್ನು ಓದಿ ಅಷ್ಟೇ ಸಾಮರ್ಥ್ಯದ, ಅಥವಾ 'ಇರಲಿ' ಎಂದು ಇನ್ನೂ ಸ್ವಲ್ಪ ದೊಡ್ಡದಾದ ಬಾಯ್ಲರಿಗೆ ಬೇಡಿಕೆ ಸಲ್ಲಿಸುತ್ತಾರೆ. ನಷ್ಟ ಆರಂಭವಾಗುವುದು ಇಲ್ಲಿಯೇ. ಆ ಫಲಕ ಹೇಳುವುದು ದಶಕಗಳ ಹಿಂದಿನ ಅಗತ್ಯವನ್ನು, ಇಂದಿನದನ್ನಲ್ಲ.

ಇಂದಿನ ಅಗತ್ಯವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಒಂದು ಬಣ್ಣದ ತೊಟ್ಟಿಯಲ್ಲಿ 1,000 ಲೀಟರ್ ನೀರಿದ್ದು, ಅದನ್ನು ಅರ್ಧ ಗಂಟೆಯಲ್ಲಿ 30 ಡಿಗ್ರಿಯಿಂದ 90 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಬೇಕಾಗಿದೆ ಎಂದುಕೊಳ್ಳೋಣ. ಇದಕ್ಕೆ ಬೇಕಾದ ಶಾಖ 60,000 ಕಿಲೋಕ್ಯಾಲರಿ. ಉಗಿಯ ಒತ್ತಡ ಹೆಚ್ಚಿದಂತೆ ಅದು ನೀರಾಗುವಾಗ ಕೊಡುವ ಶಾಖ ತುಸು ಕಡಿಮೆಯಾಗುವುದರಿಂದ, ಸುರುಳಿ ನಳಿಕೆಯ ಮೂಲಕ ಹಾಯುವ ಒಂದು ಕಿಲೋ ಉಗಿಯಿಂದ ಸುಮಾರು 510 ಕಿಲೋಕ್ಯಾಲರಿ ದೊರೆಯುತ್ತದೆಂದು ಹಿಡಿದರೆ, ಸುಮಾರು 120 ಕಿಲೋ ಉಗಿ ಸಾಕು. ಇಂತಹ ನಾಲ್ಕು ತೊಟ್ಟಿಗಳನ್ನು ಬೆಳಗ್ಗೆ ಒಮ್ಮೆಗೇ ತೆರೆದರೆ ಗಂಟೆಗೆ 960 ಕಿಲೋ ಪ್ರಮಾಣದಲ್ಲಿ ಉಗಿ ಒದಗಬೇಕು. ಎರಡೆರಡಾಗಿ, ಅರ್ಧ ಗಂಟೆಯ ಅಂತರದಲ್ಲಿ ತೆರೆದರೆ ಅದರ ಅರ್ಧ ಸಾಕಾಗುತ್ತದೆ. ಒಮ್ಮೆ ಕಾದ ತೊಟ್ಟಿಯ ಶಾಖವನ್ನು ಉಳಿಸಿಕೊಳ್ಳಲು ಬೇಕಾಗುವ ಉಗಿ ಅಲ್ಪವೇ. ಕೊಳವೆಗಳಲ್ಲಾಗುವ ನಷ್ಟಕ್ಕೆ ಒಂದಿಷ್ಟು ಸೇರಿಸಿದರೂ, ಕೆಲಸದ ವೇಳಾಪಟ್ಟಿಯನ್ನು ತಿದ್ದುವುದರಿಂದಲೇ ಬಾಯ್ಲರಿನ ಗಾತ್ರ ಎಷ್ಟೋ ಇಳಿಯುತ್ತದೆ. ಅಗತ್ಯಕ್ಕಿಂತ ದೊಡ್ಡದಾದ ಬಾಯ್ಲರಿನ ಬರ್ನರು ದಿನವಿಡೀ ಹೊತ್ತಿ ಆರುತ್ತಿರುತ್ತದೆ. ಪ್ರತಿ ಬಾರಿ ಹೊತ್ತುವ ಮುನ್ನ ಕುಲುಮೆಗೆ ಊದುವ ತಣ್ಣನೆಯ ಗಾಳಿ ಅಲ್ಲಿನ ಶಾಖವನ್ನು ಹೊತ್ತು ಚಿಮಣಿಯಿಂದ ಹೊರಹೋಗುತ್ತದೆ.

ಮಾರಾಟಗಾರರ ಅಂಕಿಯನ್ನೂ ಎಚ್ಚರದಿಂದ ಓದಬೇಕು. ಗಂಟೆಗೆ 1,000 ಕಿಲೋ ಎಂಬ ಸಾಮರ್ಥ್ಯವನ್ನು ಸಾಮಾನ್ಯವಾಗಿ 100 ಡಿಗ್ರಿಯ ನೀರನ್ನು 100 ಡಿಗ್ರಿಯ ಉಗಿಯಾಗಿಸುವ ಲೆಕ್ಕದಲ್ಲಿ ನಮೂದಿಸಿರುತ್ತಾರೆ. ಅದೇ ಬಾಯ್ಲರಿಗೆ 30 ಡಿಗ್ರಿಯ ನೀರನ್ನು ಕೊಟ್ಟು, ಪ್ರತಿ ಚದರ ಸೆಂಟಿಮೀಟರಿಗೆ 7 ಕಿಲೋ ಒತ್ತಡದ ಉಗಿಯನ್ನು ಪಡೆಯುವಾಗ ದೊರೆಯುವುದು ಸುಮಾರು 850 ಕಿಲೋ ಮಾತ್ರ. ಇದು ಮೋಸವಲ್ಲ, ಅಳತೆಯ ಪದ್ಧತಿ. ಆದರೆ ತಿಳಿಯದವರಿಗೆ ಮೋಸದಂತೆಯೇ ಪರಿಣಮಿಸುತ್ತದೆ.

ಹಳೆಯ ಗಿರಣಿಗಳಲ್ಲಿ ಬಹುಕಾಲ ದುಡಿದ ಲ್ಯಾಂಕಷೈರ್ ಬಾಯ್ಲರು, ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಎಂಜಿನಿಯರ್ ವಿಲಿಯಂ ಫೇರ್‌ಬೇರ್ನ್ 1844ರಲ್ಲಿ ರೂಪಿಸಿದ ಮಾದರಿ. ಇಟ್ಟಿಗೆಯ ಕಟ್ಟಡದೊಳಗೆ ಮಲಗಿದ ಆ ಭಾರೀ ಉಕ್ಕಿನ ಉರುಳೆಯಲ್ಲಿ ಅಪಾರ ನೀರು ತುಂಬಿರುತ್ತಿತ್ತು. ಅದು ಕಾಯಲು ತಡ, ಇಂಧನವನ್ನು ನುಂಗುವುದರಲ್ಲಿ ಮುಂದು. ಆದರೂ ಥಟ್ಟನೆ ಬೇಡಿಕೆ ಹೆಚ್ಚಿದರೆ ತನ್ನ ಸಂಗ್ರಹದಿಂದಲೇ ನಿಭಾಯಿಸುತ್ತಿತ್ತು, ಗಡಸು ನೀರನ್ನೂ ಬಹುಮಟ್ಟಿಗೆ ಸಹಿಸುತ್ತಿತ್ತು. ಇಂದಿನ, ಒಂದೇ ಚೌಕಟ್ಟಿನಲ್ಲಿ ಜೋಡಿಸಿ ಬರುವ ಹೊಗೆನಳಿಕೆಯ ಬಾಯ್ಲರು ಬೇಗ ಕಾಯುತ್ತದೆ, ಕಡಿಮೆ ಜಾಗದಲ್ಲಿ ನಿಲ್ಲುತ್ತದೆ. ಆದರೆ ಅದರಲ್ಲಿ ನೀರಿನ ಸಂಗ್ರಹ ಕಡಿಮೆ. ಎಲ್ಲ ಕವಾಟಗಳನ್ನೂ ಒಮ್ಮೆಗೇ ತೆರೆದರೆ ಒತ್ತಡ ಕುಸಿದು, ಉಗಿಯ ಜೊತೆಗೆ ನೀರೂ ಕೊಳವೆಗಳಿಗೆ ನುಗ್ಗುತ್ತದೆ.

ನೀರಿನ ವಿಷಯದಲ್ಲಂತೂ ಹೊಸದು ಬಹಳ ಸೂಕ್ಷ್ಮ. ದಖ್ಖನ್ ಪ್ರಸ್ಥಭೂಮಿಯ ಕೊಳವೆ ಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಅದು ನಳಿಕೆಗಳ ಮೇಲೆ ಸುಣ್ಣದ ಪದರವಾಗಿ ಕೂರುತ್ತದೆ. ಕೇವಲ ಒಂದು ಮಿಲಿಮೀಟರ್ ದಪ್ಪದ ಪದರ ಇಂಧನದ ವ್ಯಯವನ್ನು ಶೇಕಡಾ 5ರಿಂದ 8ರಷ್ಟು ಹೆಚ್ಚಿಸಬಲ್ಲುದೆಂದು ಅಂದಾಜಿದೆ. ಪದರದ ಅಡಿಯ ಲೋಹ ಅತಿಯಾಗಿ ಕಾದು ಬಲಗುಂದುವುದು ಇನ್ನೂ ದೊಡ್ಡ ಅಪಾಯ. ನೀರು ಮೆದುಗೊಳಿಸುವ ಸಾಧನವಿಲ್ಲದೆ ಹೊಸ ಬಾಯ್ಲರನ್ನು ಕೊಳ್ಳುವುದು ಹಣವನ್ನು ಸುಣ್ಣದಲ್ಲಿ ಹೂತಂತೆಯೇ ಸರಿ.

ಉಗಿ ತಣಿದು ಆದ ಬಿಸಿನೀರನ್ನು ಚರಂಡಿಗೆ ಬಿಡುವ ಪದ್ಧತಿ ಇಂದಿಗೂ ಹಲವೆಡೆ ಕಾಣುತ್ತದೆ. ಬಾಯ್ಲರಿಗೆ ಸೇರುವ ನೀರಿನ ಉಷ್ಣತೆ 6 ಡಿಗ್ರಿ ಏರಿದರೆ ಇಂಧನದಲ್ಲಿ ಸುಮಾರು ಶೇಕಡಾ 1 ಉಳಿತಾಯ. ಮರಳಿ ಬರುವ ಈ ನೀರು ಬಿಸಿಯಷ್ಟೇ ಅಲ್ಲ, ಗಡಸುತನವೂ ಇಲ್ಲದುದು.

ಜೋಡಣೆ ಮುಗಿದೊಡನೆ ಕೆಲಸಕ್ಕೆ ಹಚ್ಚುವ ಆತುರ ಸಲ್ಲದು. ತಯಾರಿಕೆಯಲ್ಲಿಯೂ ಕೊಳವೆಗಳಿಗೆ ತಿರುಪು ಕೊರೆಯುವಾಗಲೂ ಅಂಟಿದ ಎಣ್ಣೆ ನೀರಿನ ಮೇಲೆ ನೊರೆಯೆಬ್ಬಿಸಿ, ಗಾಜಿನ ನಳಿಕೆಯಲ್ಲಿ ಕಾಣುವ ನೀರಿನ ಮಟ್ಟವನ್ನೇ ಸುಳ್ಳಾಗಿಸುತ್ತದೆ. ತಯಾರಕರು ಸೂಚಿಸಿದ ಕ್ಷಾರವನ್ನು ಬೆರೆಸಿ ಕುದಿಸಿ, ಬಸಿದು, ತೊಳೆಯಬೇಕು. ಹಳೆಯ ಕೊಳವೆಗಳ ತುಕ್ಕು ತೊಳೆದು ಹೋಗುವವರೆಗೆ ಮರಳಿ ಬರುವ ನೀರನ್ನು ಹೊರಕ್ಕೆ ಬಿಡುವುದು ಲೇಸು.

1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರೊಂದು ಸ್ಫೋಟಗೊಂಡು ಹಲವರು ಮೃತಪಟ್ಟ ಬಳಿಕ, 1864ರ ಬಂಗಾಳ ಕಾಯಿದೆಯು ತಪಾಸಣೆಯನ್ನು ವಿಧಿಸಿತು. ತರುವಾಯ ಬಂದ 1923ರ ಭಾರತೀಯ ಬಾಯ್ಲರುಗಳ ಅಧಿನಿಯಮದ ಸ್ಥಾನದಲ್ಲಿ ಈಗ 2025ರ ಬಾಯ್ಲರುಗಳ ಅಧಿನಿಯಮವಿದೆ. ಅದರ ವ್ಯಾಪ್ತಿಗೆ ಬರುವ ಬಾಯ್ಲರನ್ನು ನೋಂದಣಿಯಾಗಲಿ, ಚಾಲ್ತಿಯಲ್ಲಿರುವ ಪ್ರಮಾಣಪತ್ರವಾಗಲಿ ಇಲ್ಲದೆ ಬಳಸುವಂತಿಲ್ಲ. 25 ಲೀಟರಿಗಿಂತ ಕಡಿಮೆ ಗಾತ್ರದ ಬಾಯ್ಲರುಗಳು ಈ ವ್ಯಾಪ್ತಿಯಿಂದ ಹೊರಗಿವೆ. ಕಾನೂನಿನ ಈ ಬಿಗಿಗೆ ಆಧಾರವಿದೆ: 7 ಕಿಲೋ ಒತ್ತಡದಲ್ಲಿರುವ 1,000 ಕಿಲೋ ನೀರು ಬಾಯ್ಲರು ಒಡೆದು ಹೊರಬಿದ್ದರೆ, ಅದರಲ್ಲಿ ಸುಮಾರು 130 ಕಿಲೋ ಕ್ಷಣಾರ್ಧದಲ್ಲಿ ಉಗಿಯಾಗಿ 200 ಘನ ಮೀಟರಿಗೂ ಹೆಚ್ಚು ಜಾಗವನ್ನು ಆವರಿಸುತ್ತದೆ.

ಕಳಚಿದ ಹಳೆಯ ಬಾಯ್ಲರನ್ನು ಮಾರುವಾಗಲೂ ಈ ಮಾತು ಅನ್ವಯಿಸುತ್ತದೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿದ ಬಾಯ್ಲರನ್ನು ಆ ವರ್ಗಾವಣೆಯನ್ನು ವರದಿ ಮಾಡದೆ ಬಳಸಲಾಗದು. ದುರಸ್ತಿಗೆ ಮೀರಿದ್ದಾದರೆ ಅದನ್ನು ಇಡಿಯಾಗಿ ಮಾರದೆ, ಮತ್ತಾರೂ ಒತ್ತಡದ ತೊಟ್ಟಿಯಾಗಿ ಬಳಸಲಾಗದಂತೆ ಕತ್ತರಿಸಿ ಗುಜರಿಗೆ ಕೊಡುವುದು ಕ್ಷೇಮ.