ತಿರುಗುವ ದಂಡಕ್ಕೊಂದು ಕಾಪುಬಳೆ

ಕಳೆದ ಬೇಸಿಗೆಯಲ್ಲಿ ನಮ್ಮ ಶಾಲೆಯ ಪಾಲಕರೊಬ್ಬರು ತಮ್ಮ ಹಳೆಯ ಜೀಪಿಗೆ ಹೆಚ್ಚು ಬಲದ ಡೀಸೆಲ್ ಎಂಜಿನ್ ಕೂಡಿಸಿ, ಮಕ್ಕಳನ್ನು ಕುಂಭಾರಿಯಿಂದ ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೆ ಕರೆದೊಯ್ಯಲು ಸಿದ್ಧರಾಗಿದ್ದರು. “ಗುರುಗಳೇ, ಎಂಜಿನ್ ಹುಲಿಯಂತಿದೆ, ನೋಡಿರಿ” ಎಂದರು. ನಾನು ಬಗ್ಗಿ ಗಾಡಿಯ ಅಡಿಯನ್ನು ನೋಡಿದೆನು.

ವಿದ್ಯಾರ್ಥಿಗಳೇ, ಜೀಪು, ಲಾರಿ, ಹಿಂದಿನ ಅಂಬಾಸಿಡರ್ ಮೊದಲಾದವುಗಳಲ್ಲಿ ಎಂಜಿನ್ ಮುಂದಿದ್ದು, ಹಿಂದಿನ ಗಾಲಿಗಳು ಗಾಡಿಯನ್ನು ನೂಕುತ್ತವೆ. ಗೇರುಪೆಟ್ಟಿಗೆಯಿಂದ ಹಿಂದಿನ ಅಚ್ಚಿಗೆ ಬಲವನ್ನು ಒಯ್ಯುವ ಉಕ್ಕಿನ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ಅದರ ಎರಡೂ ತುದಿಗಳಲ್ಲಿ ಮೇಸ್ತ್ರಿಗಳು ‘ಕ್ರಾಸ್’ ಎನ್ನುವ ಕೀಲುಗಳಿವೆ. ಅಚ್ಚು ಮೇಲೆ ಕೆಳಗೆ ಕುಲುಕಿದರೂ ಈ ಕೀಲುಗಳಿಂದಾಗಿ ತಿರುಗುವಿಕೆ ನಿಲ್ಲದು.

ಇನ್ನು ಲೆಕ್ಕ. ಗಾಲಿಯ ಸುತ್ತಳತೆ ೨.೨ ಮೀಟರು, ಅಚ್ಚಿನ ಗೇರು ಐದಕ್ಕೆ ಒಂದು ಎಂದು ಹಿಡಿಯೋಣ. ತಾಸಿಗೆ ೬೦ ಕಿಲೋಮೀಟರು ಎಂದರೆ ನಿಮಿಷಕ್ಕೆ ೧೦೦೦ ಮೀಟರು. ಗಾಲಿ ಸುಮಾರು ೪೫೫ ಸುತ್ತು, ಶಾಫ್ಟ್ ಅದರ ಐದು ಪಟ್ಟು. ಅಂದರೆ ಕ್ಷಣಕ್ಕೆ ೩೮ ಸುತ್ತು! ಹಿಂದಿನ ಕ್ರಾಸ್ ಮುರಿದರೆ ಶಾಫ್ಟ್ ನೆಲವನ್ನು ಕೆರೆಯುತ್ತ ಹಿಂದೆ ಎಳೆಯಲ್ಪಡುವುದು. ಮುಂದಿನದು ಮುರಿದರೋ, ಓಡುವ ಬಂಡಿಯ ನೊಗ ಕಳಚಿ ಮೂಕಿಯು ನೆಲಕ್ಕೆ ನೆಟ್ಟಂತೆ, ಶಾಫ್ಟಿನ ತುದಿ ರಸ್ತೆಗೆ ನಾಟಿ ಗಾಡಿಯನ್ನೇ ಎತ್ತಿ ಒಗೆಯಬಹುದು. ಇಲ್ಲವೇ ಮೇಲಕ್ಕೆ ಬಡಿದು ತಗಡಿನ ತಳವನ್ನು ಸೀಳಬಹುದು. ಮಕ್ಕಳು ಕುಳಿತುಕೊಳ್ಳುವುದು ಆ ತಗಡಿನ ಮೇಲೆಯೇ.

ಇದನ್ನು ತಡೆಯುವುದೇ ಕಾಪುಬಳೆ. ಅಮೇರಿಕೆಯ ಕಾರುಪಂದ್ಯದ ಸಂಸ್ಥೆಯಾದ ನ್ಯಾಶನಲ್ ಹಾಟ್ ರಾಡ್ ಅಸೋಸಿಯೇಶನ್ನಿನ ನಿಯಮದಂತೆ, ಕಾಲು ಇಂಚು ದಪ್ಪ, ಎರಡು ಇಂಚು ಅಗಲದ ಉಕ್ಕಿನ ಪಟ್ಟಿಯು ಮುಂದಿನ ಕ್ರಾಸಿನಿಂದ ಆರು ಇಂಚಿನೊಳಗೆ ಶಾಫ್ಟನ್ನು ಸುತ್ತುವರಿಯಬೇಕು. ಬಳೆಯನ್ನು ಎರಡು ಹೋಳಾಗಿ ಮಾಡಿ ಬೋಲ್ಟಿನಿಂದ ಕೂಡಿಸಿದರೆ ಶಾಫ್ಟ್ ಕಳಚಲು ಸುಲಭ. ಅದನ್ನು ಚಾಸಿಯ ಅಡ್ಡಪಟ್ಟಿಗೆ ಬಿಗಿಯಬೇಕು, ತಗಡಿಗಲ್ಲ. ಗಾಡಿ ಬರಿದಾಗಿದ್ದಾಗಲೂ ತುಂಬಿದ್ದಾಗಲೂ ಬಳೆ ಶಾಫ್ಟಿಗೆ ತಾಗಕೂಡದು. ಶಾಫ್ಟಿಗೇ ಬೆಸುಗೆ ಹಾಕುವವರೂ ಇದ್ದಾರೆ. ಅದು ಶುದ್ಧ ಅವಿವೇಕ, ತೂಕ ತಪ್ಪಿದ ಶಾಫ್ಟ್ ನಡುಗಿ ಕ್ರಾಸನ್ನೇ ತಿನ್ನುವುದು. ಕೆಲಸ ಮಾಡುವಾಗ ಗಾಲಿಗಳಿಗೆ ತಡೆಗಲ್ಲಿಟ್ಟು, ಗಾಡಿಯನ್ನು ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಬೇಕು. ಬರಿಯ ಜಾಕನ್ನು ನಂಬಿ ಯಾರೂ ಕೆಳಗೆ ನುಸುಳಬಾರದು.

ಬಳೆಯು ಮುರಿಯುವಿಕೆಯನ್ನು ತಡೆಯದು, ಮುರಿದದ್ದನ್ನು ಹಿಡಿಯುವುದಷ್ಟೆ. ಗ್ರೀಸು ಬತ್ತಿದ ಕ್ರಾಸು ಕ್ಲಚ್ ಬಿಡುವಾಗ ‘ಟಕ್’ ಎನ್ನುವುದು. ಟೊಪ್ಪಿಯ ಸುತ್ತ ಕೆಂಪು ಹುಡಿ ಕಾಣುವುದು. ಎಂಜಿನ್ ಬದಲಿಸುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಕೇಳುವುದೂ ಅವಶ್ಯ: ಗಾಡಿಯನ್ನು ಮನಬಂದಂತೆ ಮಾರ್ಪಡಿಸಲು ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮು ಎಡೆಗೊಡದು.

ರಾಶಿಯ ಕಾಲದಲ್ಲಿ ಟ್ರ್ಯಾಕ್ಟರಿನಿಂದ ಜೋಳದ ಯಂತ್ರಕ್ಕೆ ಹೋಗುವ ಶಾಫ್ಟೂ ಇದರ ತಮ್ಮನೇ. ನಿಮಿಷಕ್ಕೆ ೫೪೦ ಸುತ್ತಿನಂತೆ, ಹಿಡಿಯಷ್ಟು ದಪ್ಪದ ಶಾಫ್ಟ್ ಕ್ಷಣಕ್ಕೆ ಎರಡು ಮೀಟರಿಗೂ ಹೆಚ್ಚು ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ತಾಯಂದಿರ ಸೆರಗಿಗೆ ಮೂರು ಕ್ಷಣ ಸಾಕು. ಅದರ ಮೇಲಿನ ಮುಚ್ಚಳವನ್ನು ತೆಗೆದು ಮೂಲೆಗೆ ಒಗೆದವರು ಇಂದೇ ಮತ್ತೆ ತೊಡಿಸಲಿ.

ಪಾಲಕರು ಯಾತ್ರೆಯನ್ನು ಒಂದು ವಾರ ಮುಂದೂಡಿದರು. ಕಳಚಿದ ಹಳೆಯ ಕ್ರಾಸಿನ ಒಂದು ಟೊಪ್ಪಿಯಲ್ಲಿ ಸೂಜಿಗಳೇ ಉಳಿದಿರಲಿಲ್ಲ, ಕೆಂಪು ಹುಡಿ ಮಾತ್ರ. ಅದನ್ನು ಶಾಲೆಯ ವಿಜ್ಞಾನದ ಕಪಾಟಿನಲ್ಲಿ ಇಟ್ಟಿದ್ದೇನೆ.